ರಂಧ್ರಕ್ಕಿಂತ ಎಷ್ಟೋ ಚಿಕ್ಕದಾದ ಕಣ ಕಲ್ಲಿನೊಳಗೆ ಸಿಕ್ಕಿಬೀಳುವುದೇಕೆ?

ಶಿಲಾವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಕಣಗಳು ಮರಳುಗಲ್ಲಿನ ಮೂಲಕ ಹೇಗೆ ಸಾಗುತ್ತವೆ ಎಂಬುದು ನನ್ನ ಸ್ನಾತಕೋತ್ತರ ಅಧ್ಯಯನದ ವಿಷಯ. ಒಂದು ಪ್ರಯೋಗದ ಫಲಿತಾಂಶ ನನಗೆ ಅರ್ಥವಾಗದೆ ಇಲ್ಲಿ ಕೇಳುತ್ತಿದ್ದೇನೆ.

10 ಸೆಂಟಿಮೀಟರ್ ಉದ್ದ ಮತ್ತು 3.8 ಸೆಂಟಿಮೀಟರ್ ವ್ಯಾಸದ ಮರಳುಗಲ್ಲಿನ ಕೋರ್ (ಬಂಡೆಯಿಂದ ಕೊರೆದು ತೆಗೆದ ಉರುಳೆಯಾಕಾರದ ತುಂಡು) ಒಂದನ್ನು ಬಿಗಿಯಾಗಿ ಅಳವಡಿಸಿ, ಒಂದು ತುದಿಯಿಂದ ನೀರು ಹಾಯಿಸಿ, ಇನ್ನೊಂದು ತುದಿಯಲ್ಲಿ ಹೊರಬರುವುದನ್ನು ಸಣ್ಣ ಸಣ್ಣ ಸೀಸೆಗಳಲ್ಲಿ ಹಿಡಿಯುತ್ತೇನೆ. ಕಲ್ಲಿನ ರಂಧ್ರತೆ, ಅಂದರೆ ಅದರೊಳಗಿನ ಖಾಲಿ ಜಾಗದ ಪಾಲು, ಸುಮಾರು ಶೇಕಡ 20, ಮರಳಿನ ಕಾಳುಗಳು ಸುಮಾರು 200 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಮತ್ತು ಪಾದರಸ ತುಂಬಿಸಿ ಅಳೆದಾಗ ರಂಧ್ರಗಳ ನಡುವಿನ ಕತ್ತುಗಳು ಹೆಚ್ಚಾಗಿ 10ರಿಂದ 20 ಮೈಕ್ರಾನ್ ಅಗಲವಿರುವುದು ತಿಳಿದಿದೆ. ನಾನು ಹಾಯಿಸಿದ ಕಣಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಅವುಗಳ ವ್ಯಾಸ 0.5 ಮೈಕ್ರಾನ್, ಮೇಲ್ಮೈಯಲ್ಲಿ ಋಣ ಆವೇಶ, ಜೊತೆಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ. ರಂಧ್ರಗಳೊಳಗೆ ನೀರಿನ ವೇಗ ದಿನಕ್ಕೆ ಸುಮಾರು 1 ಮೀಟರ್.

ಕಣಗಳನ್ನು 0.1 ಮೋಲಾರ್ (ಲೀಟರಿಗೆ ಸುಮಾರು 6 ಗ್ರಾಂ ಅಡುಗೆ ಉಪ್ಪಿರುವ) ಉಪ್ಪುನೀರಿನಲ್ಲಿ ಕಲಸಿ ಬಿಟ್ಟಾಗ ಐದರಲ್ಲಿ ಒಂದು ಪಾಲು ಮಾತ್ರ ಹೊರಬಂದಿತು. ಕತ್ತು ಕಣಕ್ಕಿಂತ ಕನಿಷ್ಠ ಇಪ್ಪತ್ತು ಪಟ್ಟು ಅಗಲವಿರುವಾಗ ಉಳಿದ ನಾಲ್ಕು ಪಾಲು ಎಲ್ಲಿ ನಿಂತಿತು ಎಂಬುದು ನನ್ನ ಮೊದಲ ಪ್ರಶ್ನೆ. ಆಮೇಲೆ ಕಣಗಳಿಲ್ಲದ ಉಪ್ಪುನೀರನ್ನು ಬಹಳ ಹೊತ್ತು ಹಾಯಿಸಿದರೂ ಏನೂ ಹೊರಬರಲಿಲ್ಲ. ಕೊನೆಗೆ ಕೋರ್ ತೊಳೆಯಲೆಂದು ಬಟ್ಟಿ ಇಳಿಸಿದ ನೀರನ್ನು ಬಿಟ್ಟೆ. ಆ ನೀರು ಕಲ್ಲನ್ನು ದಾಟಿ ಹೊರಬರತೊಡಗಿದ ಕೂಡಲೇ ಸೀಸೆಗಳಲ್ಲಿ ಹಾಲಿನಂತೆ ಮಬ್ಬಾದ ದ್ರವ ಬಿದ್ದಿತು. ಅದೇ ಹೊತ್ತಿಗೆ ಒಳಬರುವ ಕಡೆಯ ಒತ್ತಡ ಏರಿತು, ಇನ್ನೂ ಇಳಿದಿಲ್ಲ. ಹಿಡಿದಿಟ್ಟಿದ್ದನ್ನು ಕಲ್ಲು ಹೊರಬಿಟ್ಟಿದ್ದರೆ ದಾರಿ ಸುಗಮವಾಗಬೇಕಿತ್ತಲ್ಲವೇ? ಒತ್ತಡ ಏರಿದ್ದೇಕೆ?

ಮಣ್ಣುಯಂತ್ರಜ್ಞ

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹಳೆಯದೇ. ಕಲ್ಲು ಜರಡಿಯಂತೆ ಕೆಲಸ ಮಾಡಿದೆ. ಪರಸ್ಪರ ತಾಗಿಕೊಂಡ ಮೂರು ಸಮಾನ ಗೋಳಗಳ ನಡುವಿನ ಸಂದಿನಲ್ಲಿ ತೂರಬಲ್ಲ ಅತಿದೊಡ್ಡ ಚೆಂಡಿನ ವ್ಯಾಸ ಗೋಳದ ವ್ಯಾಸದ 0.155 ಪಟ್ಟು ಎಂದು ಜ್ಯಾಮಿತಿ ಹೇಳುತ್ತದೆ. ಆ ಲೆಕ್ಕದಲ್ಲಿ 200 ಮೈಕ್ರಾನಿನ ಕಾಳುಗಳ ನಡುವೆ 31 ಮೈಕ್ರಾನಿನ ಕಣವೂ ದಾಟಬೇಕು. ಆದರೆ ಕಾಳು ಕಾಳಿಗೆ ತಾಗುವ ಜಾಗದಲ್ಲಿ ಸಂದು ಕಿರಿದಾಗುತ್ತಾ ಹೋಗಿ ಸೊನ್ನೆಯಾಗುತ್ತದೆ, ಮತ್ತು ಎಷ್ಟೇ ಚಿಕ್ಕ ಕಣವಾದರೂ ಆ ಬೆಣೆಯೊಳಗೆ ಹೊಕ್ಕರೆ ಎಲ್ಲೋ ಒಂದು ಕಡೆ ಎರಡೂ ಗೋಡೆಗಳಿಗೆ ತಾಗಿ ನಿಲ್ಲಲೇಬೇಕು. ಕಣದ ಮತ್ತು ಕಾಳಿನ ವ್ಯಾಸಗಳ ಅನುಪಾತ 0.05 ದಾಟಿದರೆ ಮಾತ್ರ ಜರಡಿ ಹಿಡಿತ ಮುಖ್ಯವಾಗುತ್ತದೆ ಎಂದು 1960ರ ದಶಕದಲ್ಲಿ ಶಕ್ತಿವಡಿವೇಲ್ ಅವರ ಪ್ರಯೋಗಗಳು ತೋರಿಸಿದ್ದವು. 2000ದ ನಂತರದ ಪ್ರಯೋಗಗಳು ಆ ಮಿತಿಯನ್ನು 0.005ರ ಆಸುಪಾಸಿಗೆ ಇಳಿಸಿವೆ. ನಿಮ್ಮ ಅನುಪಾತ 0.0025, ಆ ಮಿತಿಗಿಂತಲೂ ಕಡಿಮೆ ನಿಜ. ಆದರೂ ನಿಮ್ಮ ಕಲ್ಲಿನಲ್ಲಿ ಕಾಳುಗಳ ನಡುವೆ ಸಿಮೆಂಟಿನಂತಹ ಖನಿಜವೂ ತುಂಬಿ ಮೂಲೆಗಳು ಇನ್ನಷ್ಟು ಕಿರಿದಾಗಿರುವುದರಿಂದ ಜರಡಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು.

ಶೋಧನಶಾಲೆ

ಮಣ್ಣುಯಂತ್ರಜ್ಞರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಐದರಲ್ಲಿ ನಾಲ್ಕು ಪಾಲನ್ನು ಮೂಲೆಗಳ ಲೆಕ್ಕಕ್ಕೆ ಬರೆಯುವ ಮೊದಲು ನೀರು ಶುದ್ಧೀಕರಣದ ಅನುಭವವನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ.

1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ 8,000ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣ ಅದೇ ಎಲ್ಬ್ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಬಂದು ಸೇರುವ ಜಾಗಕ್ಕಿಂತ ಕೆಳಗಿನಿಂದ, ಎತ್ತಿ ಕುಡಿಯುತ್ತಿತ್ತು. ಆದರೂ ಅಲ್ಲಿ ರೋಗ ಅಷ್ಟಾಗಿ ಹಬ್ಬಲಿಲ್ಲ. ಆಲ್ಟೋನಾ ತನ್ನ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಸೋಸುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಕಾಲರಾ ಬ್ಯಾಕ್ಟೀರಿಯಾದ ಉದ್ದ ಎರಡು ಮೂರು ಮೈಕ್ರಾನ್ ಮಾತ್ರ, ಮರಳಿನ ಸಂದುಗಳು ಅದಕ್ಕಿಂತ ಹತ್ತಾರು ಪಟ್ಟು ಅಗಲ. ಮರಳಿನ ಮೇಲ್ಪದರದಲ್ಲಿ ಬೆಳೆಯುವ ಜೀವಿಗಳ ಪೊರೆ ಅಲ್ಲಿ ದೊಡ್ಡ ಪಾತ್ರ ವಹಿಸಿತು ನಿಜ. ಅದನ್ನು ಬದಿಗಿಟ್ಟರೂ ಸಂದಿಗಿಂತ ಚಿಕ್ಕದು ದಾಟಿಯೇ ದಾಟುತ್ತದೆ ಎಂಬ ಎಣಿಕೆ ತಪ್ಪೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣುವುದಿಲ್ಲ.

ಈಗ ನಿಮ್ಮ ಕಣವನ್ನೇ ತೆಗೆದುಕೊಳ್ಳೋಣ. ನೀರಿನ ಅಣುಗಳು ನಾನಾ ಕಡೆಯಿಂದ ಬಡಿಯುವುದರಿಂದ ಅದು ಸದಾ ತಡಕಾಡುತ್ತಿರುತ್ತದೆ. 1827ರಲ್ಲಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡ, 1905ರಲ್ಲಿ ಐನ್‌ಸ್ಟೈನ್ ಲೆಕ್ಕಕ್ಕೆ ತಂದ ಚಲನೆ ಇದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅರ್ಧ ಮೈಕ್ರಾನಿನ ಕಣ ಒಂದು ಸೆಕೆಂಡಿನಲ್ಲಿ ಒಂದು ದಿಕ್ಕಿನಲ್ಲಿ ಸರಾಸರಿ 1.4 ಮೈಕ್ರಾನ್ ಅಲೆಯುತ್ತದೆ. ಈ ಅಲೆದಾಟ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಒಂದು ನಿಮಿಷದಲ್ಲಿ ಅದು ಸುಮಾರು 11 ಮೈಕ್ರಾನ್ ಆಗುತ್ತದೆ. ನಿಮ್ಮ ವೇಗದಲ್ಲಿ ಕಣ ಕೋರ್ ದಾಟಲು 2.4 ಗಂಟೆ ಬೇಕು, ಮತ್ತು ಅಷ್ಟರಲ್ಲಿ ಅದರ ಅಡ್ಡ ಅಲೆದಾಟ 130 ಮೈಕ್ರಾನ್ ಆಗಬೇಕು. ಆದರೆ ಅದು ಸಾಗುವ ಓಣಿಯ ಕತ್ತು 20 ಮೈಕ್ರಾನ್ ಕೂಡ ಇಲ್ಲ. ಅಂದರೆ ಕಣ ಹೊರಬರುವ ಮೊದಲು ಗೋಡೆಯನ್ನು ಒಂದಲ್ಲ, ಹಲವಾರು ಬಾರಿ ಮುಟ್ಟಿರುತ್ತದೆ. ಕಣವು ದ್ವಾರದಲ್ಲಿ ಹಿಡಿಸುತ್ತದೆಯೇ ಎಂದು ಕೇಳುವ ಬದಲು, ಗೋಡೆಯನ್ನು ಮುಟ್ಟಿದಾಗ ಏನಾಗುತ್ತದೆ ಎಂದು ಕೇಳಬೇಕು.

1971ರಲ್ಲಿ ಯಾವೊ, ಹಬೀಬಿಯನ್ ಮತ್ತು ಓಮೆಲಿಯಾ ಈ ಪ್ರಶ್ನೆಯನ್ನು ಎರಡಾಗಿ ಒಡೆದರು. ನೀರಿನೊಡನೆ ಬಂದ ಕಣಗಳಲ್ಲಿ ಎಷ್ಟು ಪಾಲು ಒಂದು ಕಾಳನ್ನು ಮುಟ್ಟುತ್ತದೆ ಎಂಬುದು ಮೊದಲನೆಯದು, ಮುಟ್ಟಿದವುಗಳಲ್ಲಿ ಎಷ್ಟು ಅಂಟುತ್ತವೆ ಎಂಬುದು ಎರಡನೆಯದು. ಮುಟ್ಟುವುದಕ್ಕೆ ಮೂರು ದಾರಿಗಳಿವೆ. ಚಿಕ್ಕ ಕಣಗಳು ಅಲೆದಾಟದಿಂದ ಮುಟ್ಟುತ್ತವೆ, ದೊಡ್ಡವು ಭಾರಕ್ಕೆ ಕೆಳಗಿಳಿದು ಮುಟ್ಟುತ್ತವೆ, ಇನ್ನು ಕೆಲವು ನೀರಿನ ಎಳೆಯೊಡನೆ ಕಾಳಿನ ಪಕ್ಕದಲ್ಲಿ ಹಾಯುವಾಗ ತಮ್ಮ ಮೈಯ ಅಗಲದಿಂದಲೇ ತಾಗುತ್ತವೆ. ಅತಿ ಚಿಕ್ಕವೂ ಸುಲಭವಾಗಿ ಸಿಗುತ್ತವೆ, ದೊಡ್ಡವೂ ಸಿಗುತ್ತವೆ. ಹೆಚ್ಚು ತಪ್ಪಿಸಿಕೊಳ್ಳುವುದು ನಡುವಿನ ಗಾತ್ರದವು, ಅಂದರೆ ಸುಮಾರು 1 ಮೈಕ್ರಾನಿನವು. ಬ್ಯಾಕ್ಟೀರಿಯಾಗಳ ಗಾತ್ರವೂ ಅದೇ ಆಗಿರುವುದರಿಂದ, ನೀರು ಸೋಸುವ ಕೆಲಸದಲ್ಲಿರುವ ನನ್ನಂಥವರಿಗೆ ಈ ಒಂದು ಸಂಗತಿ ಯಾವಾಗಲೂ ಮನಸ್ಸಿನಲ್ಲಿರುತ್ತದೆ.

ಹೊಸ ಓದುಗ

ಶೋಧನಶಾಲೆಯವರೇ, ವಿವರಣೆ ಬಹಳ ಸ್ಪಷ್ಟವಾಗಿದೆ. ಒಂದು ಸಂದೇಹ. ಕಣದ ಮೇಲ್ಮೈಯಲ್ಲಿ ಋಣ ಆವೇಶವಿದೆ ಎಂದು ಶಿಲಾವಿದ್ಯಾರ್ಥಿಯವರು ಬರೆದಿದ್ದಾರೆ. ಮರಳು ಎಂದರೆ ಕ್ವಾರ್ಟ್ಜ್, ಅದರದ್ದೂ ಋಣ ಆವೇಶವೇ ಎಂದು ಓದಿದ್ದೇನೆ. ಹಾಗಿದ್ದರೆ ಎಷ್ಟು ಬಾರಿ ಮುಟ್ಟಿದರೂ ಒಂದನ್ನೊಂದು ದೂಡಬೇಕಲ್ಲ?

ಮೇಲ್ಮೈರಸಾಯನ

ದೂಡುತ್ತವೆ. ಆದರೆ ಆ ದೂಡುವಿಕೆ ಎಷ್ಟು ದೂರದವರೆಗೆ ಕೈಚಾಚಬಲ್ಲದು ಎಂಬುದನ್ನು ತೀರ್ಮಾನಿಸುವುದು ನೀರಿನಲ್ಲಿರುವ ಉಪ್ಪು.

ಋಣ ಆವೇಶದ ಮೇಲ್ಮೈಯನ್ನು ನೀರಿನಲ್ಲಿಟ್ಟರೆ ಧನ ಅಯಾನುಗಳು ಅದರ ಸುತ್ತ ಮೋಡದಂತೆ ಕವಿಯುತ್ತವೆ. ಎರಡು ಮೇಲ್ಮೈಗಳ ಮೋಡಗಳು ಒಂದರೊಳಗೊಂದು ಹೊಕ್ಕಾಗ ವಿಕರ್ಷಣೆ ಹುಟ್ಟುತ್ತದೆ. ಅಡುಗೆ ಉಪ್ಪಿನ 0.001 ಮೋಲಾರ್ ದ್ರಾವಣದಲ್ಲಿ ಈ ಮೋಡದ ದಪ್ಪ ಸುಮಾರು 10 ನ್ಯಾನೋಮೀಟರ್, ನೀವು ಬಳಸಿದ 0.1 ಮೋಲಾರ್ ದ್ರಾವಣದಲ್ಲಿ ಕೇವಲ 1 ನ್ಯಾನೋಮೀಟರ್. ಇನ್ನೊಂದು ಕಡೆ, ಯಾವುದೇ ಎರಡು ವಸ್ತುಗಳ ನಡುವೆ ಇರುವ ವ್ಯಾನ್ ಡರ್ ವಾಲ್ಸ್ ಆಕರ್ಷಣೆ ಉಪ್ಪಿಗೆ ಅಷ್ಟಾಗಿ ಬಗ್ಗುವುದಿಲ್ಲ. ಈ ಎರಡು ಬಲಗಳನ್ನು ಕೂಡಿಸಿ ಲೆಕ್ಕ ಹಾಕಿದವರು 1941ರಲ್ಲಿ ಡೆರ್ಯಾಗಿನ್ ಮತ್ತು ಲ್ಯಾಂಡೌ, ಅವರಿಗಿಂತ ಬೇರೆಯಾಗಿ 1948ರಲ್ಲಿ ವೆರ್ವೆ ಮತ್ತು ಓವರ್‌ಬೀಕ್. ನಾಲ್ವರ ಹೆಸರಿನ ಮೊದಲಕ್ಷರಗಳಿಂದ ಅದನ್ನು ಡಿಎಲ್‌ವಿಒ ಸಿದ್ಧಾಂತ ಎನ್ನುತ್ತಾರೆ.

ಕಣ ಗೋಡೆಗೆ ಹತ್ತಿರವಾದಂತೆ ಅದರ ಶಕ್ತಿ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಈ ಲೆಕ್ಕದ ವಕ್ರರೇಖೆಯಲ್ಲಿ ನಿಮ್ಮ ಪ್ರಯೋಗಕ್ಕೆ ಬೇಕಾದ ಒಂದು ವಿಶೇಷವಿದೆ. ಕಣ ಗೋಡೆಗೆ ಪೂರ್ತಿ ಒತ್ತಿಕೊಂಡಾಗ ಬಹಳ ಆಳವಾದ ಒಂದು ಹಳ್ಳವಿದೆ. ಅಲ್ಲಿ ಬಿದ್ದ ಕಣ ಸಾಮಾನ್ಯವಾಗಿ ಏಳುವುದಿಲ್ಲ. ಅದರ ಹೊರಗೆ ವಿಕರ್ಷಣೆಯ ಒಂದು ದಿಣ್ಣೆ. ದಿಣ್ಣೆಯ ಆಚೆ, ಗೋಡೆಯಿಂದ ಕೆಲವು ನ್ಯಾನೋಮೀಟರ್ ದೂರದಲ್ಲಿ, ಇನ್ನೊಂದು ಚಿಕ್ಕ ಹಳ್ಳ. ಉಪ್ಪು ಹೆಚ್ಚಿದ್ದಾಗ ಈ ಹೊರಹಳ್ಳದ ಆಳ ಉಷ್ಣಚಲನೆಯ ಶಕ್ತಿಯ ಹಲವು ಪಟ್ಟಾಗಿ, ಕಣ ಗೋಡೆಯನ್ನು ನಿಜವಾಗಿ ಮುಟ್ಟದೆಯೇ ಅಲ್ಲಿ ತಂಗಬಲ್ಲದು. ಉಪ್ಪನ್ನು ತೆಗೆದರೆ ಅಯಾನು ಮೋಡ ಹಿಗ್ಗುತ್ತದೆ, ಹೊರಹಳ್ಳ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ತಂಗಿದ್ದ ಕಣ ನೀರಿನ ಪಾಲಾಗುತ್ತದೆ. ನಿಮ್ಮ ಸೀಸೆಯಲ್ಲಿ ಕಂಡ ಮಬ್ಬು ಇದೇ ಎಂದು ನನಗನಿಸುತ್ತದೆ. ಒಳಹಳ್ಳಕ್ಕೆ ಬಿದ್ದವು ಬಟ್ಟಿ ನೀರಿಗೂ ಬಾರದೆ ಅಲ್ಲೇ ಉಳಿದಿರುತ್ತವೆ.

ಇನ್ನೆರಡು ಮಾತು. ಸೋಡಿಯಂ ಬದಲು ಎರಡು ಆವೇಶವಿರುವ ಕ್ಯಾಲ್ಸಿಯಂ ಇದ್ದರೆ ಇದೇ ಪರಿಣಾಮ ಬಹಳ ಕಡಿಮೆ ಸಾಂದ್ರತೆಯಲ್ಲೇ ಆಗುತ್ತದೆ. ಮೇಲ್ಮೈ ಆವೇಶ ಬಲವಾಗಿದ್ದಾಗ ಈ ವ್ಯತ್ಯಾಸ ಅರವತ್ತನಾಲ್ಕು ಪಟ್ಟು ಎಂದು ಸಿದ್ಧಾಂತ ಹೇಳುತ್ತದೆ. ಎರಡನೆಯದಾಗಿ, ಕಲ್ಲು ಎಂದರೆ ಬರೀ ಕ್ವಾರ್ಟ್ಜ್ ಅಲ್ಲ. ಕಾಳುಗಳ ಮೇಲೆ ಅಲ್ಲಲ್ಲಿ ಕಬ್ಬಿಣದ ಆಕ್ಸೈಡಿನ ಕಂದು ಕಲೆಗಳಿರುತ್ತವೆ. ಕ್ವಾರ್ಟ್ಜ್ ತನ್ನ ಆವೇಶವನ್ನು ಕಳೆದುಕೊಳ್ಳುವುದು ಪಿಎಚ್ 2 ಅಥವಾ 3ರಲ್ಲಿ, ಕಬ್ಬಿಣದ ಆಕ್ಸೈಡುಗಳು ಪಿಎಚ್ 7ರಿಂದ 9ರಲ್ಲಿ. ಆದ್ದರಿಂದ ಸಾಧಾರಣ ನೀರಿನಲ್ಲಿ ಆ ಕಲೆಗಳು ಧನ ಆವೇಶ ಹೊತ್ತು ಋಣ ಕಣಗಳನ್ನು ತಾವಾಗಿಯೇ ಸೆಳೆಯಬಲ್ಲವು. ನೀರಿನಲ್ಲಿ ಹ್ಯೂಮಿಕ್ ಆಮ್ಲದಂತಹ ಸಾವಯವ ವಸ್ತು ಇದ್ದರೆ ಅದು ಆ ಕಲೆಗಳ ಮೇಲೂ ಕಣಗಳ ಮೇಲೂ ಪೊರೆಯಾಗಿ ಕೂತು ಅಂಟುವುದನ್ನು ತಡೆಯುತ್ತದೆ.

ತೈಲಬಾವಿ

ಇಲ್ಲಿಯವರೆಗಿನ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಶಿಲಾವಿದ್ಯಾರ್ಥಿಯವರಿಗೆ ಕೇಳಬೇಕಾಗಿದೆ. ಸೀಸೆಯಲ್ಲಿ ಕಂಡ ಮಬ್ಬು ನಿಮ್ಮ ಪಾಲಿಸ್ಟೈರೀನ್ ಕಣಗಳದ್ದೇ ಎಂದು ಹೇಗೆ ಗೊತ್ತು? ಅದನ್ನು ನೇರಳಾತೀತ ಬೆಳಕಿನಲ್ಲಿ ಹಿಡಿದು ನೋಡಿದಿರಾ?

ಮರಳುಗಲ್ಲಿನ ಕಾಳುಗಳ ಮೇಲೆ ಹುಟ್ಟಿನಿಂದಲೇ ಜೇಡಿ ಖನಿಜಗಳು ಕೂತಿರುತ್ತವೆ, ಮುಖ್ಯವಾಗಿ ಕೆಯೊಲಿನೈಟ್ ಎಂಬ ತೆಳುಹಾಳೆಗಳ ಖನಿಜ. ಅವನ್ನು ಕಾಳುಗಳಿಗೆ ಅಂಟಿಸಿಟ್ಟಿರುವುದೂ ಮೇಲ್ಮೈರಸಾಯನದವರು ಹೇಳಿದ ಅದೇ ಬಲಗಳ ಸಮತೋಲ. ಓಹಾಯೋದ ಬೆರಿಯಾ ಮರಳುಗಲ್ಲು ಈ ವಿಷಯದಲ್ಲಿ ಲೋಕಪ್ರಸಿದ್ಧ. ಅದರಲ್ಲಿ ಉಪ್ಪುನೀರು ಹರಿಯುವಾಗ ಏನೂ ಆಗುವುದಿಲ್ಲ, ಥಟ್ಟನೆ ಸಿಹಿನೀರಿಗೆ ಬದಲಾಯಿಸಿದರೆ ಜೇಡಿಯ ಹಾಳೆಗಳು ಕಳಚಿಕೊಂಡು ಮುಂದಿನ ಕತ್ತುಗಳಲ್ಲಿ ಒಟ್ಟಾಗಿ ಸಿಲುಕಿ ಕಲ್ಲಿನ ಪಾರಗಮ್ಯತೆ, ಅಂದರೆ ನೀರನ್ನು ಹಾಯಗೊಡುವ ಗುಣ, ಕುಸಿದುಬೀಳುತ್ತದೆ. 1980ರ ದಶಕದಲ್ಲಿ ಖಿಲಾರ್ ಮತ್ತು ಫೋಗ್ಲರ್ ಇದಕ್ಕೆ ಒಂದು ನಿರ್ದಿಷ್ಟ ಉಪ್ಪಿನ ಮಿತಿಯಿದೆ ಎಂದು ತೋರಿಸಿದರು. ಬೆರಿಯಾ ಕಲ್ಲಿಗೆ ಅಡುಗೆ ಉಪ್ಪಿನಲ್ಲಿ ಅದು ಸುಮಾರು 0.07 ಮೋಲಾರ್. ನೀವು 0.1ರಲ್ಲಿದ್ದಿರಿ, ಅಲ್ಲಿಂದ ಒಂದೇ ಹೆಜ್ಜೆಗೆ ಸೊನ್ನೆಯ ಹತ್ತಿರಕ್ಕೆ ಇಳಿದಿರಿ. ನಿಮ್ಮ ಒತ್ತಡಮಾಪಕ ಅದನ್ನೇ ಹೇಳುತ್ತಿದೆ ಎಂದು ನನಗೆ ಬಲವಾದ ಅನುಮಾನ.

ಪರೀಕ್ಷಿಸುವುದು ಕಷ್ಟವಲ್ಲ. ಅದೇ ಬಂಡೆಯಿಂದ ಇನ್ನೊಂದು ಕೋರ್ ತೆಗೆದು, ಪಾಲಿಸ್ಟೈರೀನ್ ಬಿಡದೆ, ಉಪ್ಪುನೀರು ಮತ್ತು ಬಟ್ಟಿ ನೀರನ್ನು ಮಾತ್ರ ಅದೇ ಕ್ರಮದಲ್ಲಿ ಹಾಯಿಸಿ ನೋಡಿ. ಸಾಧ್ಯವಾದರೆ ಮೂರನೆಯದೊಂದನ್ನು ಕುಲುಮೆಯಲ್ಲಿ ಹೆಚ್ಚು ಉಷ್ಣತೆಗೆ ಕಾಯಿಸಿ, ಜೇಡಿ ಕದಲದಂತೆ ಮಾಡಿ, ಅದರಲ್ಲಿ ಪಾಲಿಸ್ಟೈರೀನ್ ಪ್ರಯೋಗವನ್ನು ಮತ್ತೆ ಮಾಡಿ.

ಶಿಲಾವಿದ್ಯಾರ್ಥಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ಉತ್ತರಿಸಲಿಲ್ಲ, ಕ್ಷಮಿಸಿ. ಪ್ರಯೋಗಗಳು ಮುಗಿಯಲೆಂದು ಕಾದಿದ್ದೆ.

ತೈಲಬಾವಿಯವರ ಅನುಮಾನ ನಿಜವಾಯಿತು. ಮಬ್ಬಾದ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೊಳೆಯುವ ಗೋಳಗಳು ಕಂಡವು. ಆದರೆ ಅವುಗಳಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಹೊಳೆಯದ ತೆಳುಹಾಳೆಗಳಿದ್ದವು, ಕೆಲವು ಪುಸ್ತಕದ ಪುಟಗಳಂತೆ ಒಂದರ ಮೇಲೊಂದು ಜೋಡಿಸಿಕೊಂಡಿದ್ದವು. ಎಕ್ಸ್‌ರೇ ವಿವರ್ತನೆಯಲ್ಲಿ ಅದು ಕೆಯೊಲಿನೈಟ್ ಎಂದು ಖಚಿತವಾಯಿತು. ಕಣ ಬಿಡದ ಎರಡನೆಯ ಕೋರಿನಲ್ಲೂ ಬಟ್ಟಿ ನೀರಿಗೆ ಮಬ್ಬು ಬಂದಿತು, ಒತ್ತಡವೂ ಏರಿತು. ಕುಲುಮೆಯಲ್ಲಿ ಕಾಯಿಸಿದ ಮೂರನೆಯ ಕೋರಿನಲ್ಲಿ ಒತ್ತಡ ಕದಲಲಿಲ್ಲ. ಆದರೆ ಬಟ್ಟಿ ನೀರು ಬಿಟ್ಟಾಗ ಅಂಟಿದ್ದ ಪಾಲಿಸ್ಟೈರೀನ್ ಕಣಗಳಲ್ಲಿ ಸುಮಾರು ಮೂರನೇ ಒಂದು ಪಾಲು ಹೊರಬಂದವು. ಅಂದರೆ ಮೇಲ್ಮೈರಸಾಯನದವರು ವಿವರಿಸಿದ ಹೊರಹಳ್ಳದ ಬಿಡುಗಡೆಯೂ ನಡೆದಿದೆ, ಜೇಡಿಯ ಕಳಚುವಿಕೆಯೂ ನಡೆದಿದೆ, ಮೊದಲ ಪ್ರಯೋಗದಲ್ಲಿ ನಾನು ಎರಡನ್ನೂ ಒಂದೆಂದು ತಿಳಿದಿದ್ದೆ. ಮೊದಲ ದಿನವೇ ಸೀಸೆಯನ್ನು ನೇರಳಾತೀತ ದೀಪದ ಕೆಳಗೆ ಹಿಡಿಯಬೇಕಿತ್ತು.

ಮಣ್ಣುಯಂತ್ರಜ್ಞ

ಕಾಯಿಸಿದ ಕೋರಿನ ಫಲಿತಾಂಶ ನೋಡಿದ ಮೇಲೆ ನನ್ನ ಮೊದಲ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ನೀರಿನ ಉಪ್ಪು ಬದಲಾದ ಮಾತ್ರಕ್ಕೆ ಮೂರನೇ ಒಂದು ಪಾಲು ಕಣಗಳು ಬಿಡಿಸಿಕೊಂಡವು ಎಂದರೆ, ಆ ಪಾಲಾದರೂ ಬರೀ ಆಕಾರದ ಕಾರಣಕ್ಕೆ ಸಿಕ್ಕಿಬಿದ್ದಿರಲಿಲ್ಲ. ಜರಡಿಗೆ ಉಪ್ಪಿನ ಗೊಡವೆಯಿಲ್ಲ.

ಆದರೆ ಉಳಿದ ಎರಡು ಪಾಲಿನ ಬಗ್ಗೆ ಆತುರದ ತೀರ್ಮಾನ ಬೇಡ. ಹೊರಹಳ್ಳದಲ್ಲಿ ತಂಗಿದ ಕಣ ಅಲ್ಲೇ ಸ್ಥಿರವಾಗಿ ನಿಲ್ಲುವುದಿಲ್ಲ. ಅದು ಗೋಡೆಯನ್ನು ಮುಟ್ಟದೆ ಸವರಿಕೊಂಡು ಇರುವುದರಿಂದ, ನೀರಿನ ಎಳೆತಕ್ಕೆ ಕಾಳಿನ ಮೈಮೇಲೆ ನಿಧಾನವಾಗಿ ಜಾರುತ್ತಾ ಸಾಗಿ, ಹರಿವು ಬಹುತೇಕ ನಿಂತಿರುವ ಹಿಂಬದಿಗೋ ಕಾಳು ಕಾಳಿಗೆ ತಾಗುವ ಮೂಲೆಗೋ ಸೇರುತ್ತದೆ. ನಾನು ಮೊದಲು ಹೇಳಿದ ಬೆಣೆಯಾಕಾರದ ಮೂಲೆಗಳು ಅವೇ. ಅಂಟುವುದು ಮತ್ತು ಸಿಲುಕುವುದು ಇಲ್ಲಿ ಬೇರೆ ಬೇರೆ ಘಟನೆಗಳಲ್ಲ. ಇನ್ನು ನಿಮ್ಮ ಮೊದಲ ಕೋರಿನ ಒತ್ತಡವಂತೂ ಜರಡಿಯ ಕೆಲಸವೇ. ಕೆಲವು ಮೈಕ್ರಾನಿನ ಹಾಳೆಗಳು ಸಾಲುಸಾಲಾಗಿ ಬಂದು ಹತ್ತು ಮೈಕ್ರಾನಿನ ಕತ್ತಿನಲ್ಲಿ ಏಕಕಾಲಕ್ಕೆ ನುಗ್ಗಿದರೆ ಒಂದಕ್ಕೊಂದು ಆತುಕೊಂಡು ಕಮಾನಿನಂತೆ ಕಟ್ಟಿಕೊಳ್ಳುತ್ತವೆ. ಒಂಟಿಯಾಗಿ ಬಂದಿದ್ದರೆ ಅವೂ ದಾಟಿಹೋಗುತ್ತಿದ್ದವು.

ಹೊಸ ಓದುಗ

ನಾನು ಒಂದು ಲೆಕ್ಕ ಹಾಕಿ ನೋಡಿದೆ, ತಪ್ಪಿದ್ದರೆ ತಿದ್ದಿ. ಆಳಕ್ಕೆ ಹೋದಂತೆ ಪ್ರತಿ ಪದರವೂ ತನಗೆ ಬಂದ ಕಣಗಳಲ್ಲಿ ಅದೇ ಪ್ರಮಾಣವನ್ನು ಹಿಡಿಯುತ್ತದೆ ಎಂಬ ನಿಯಮವನ್ನು 1937ರಲ್ಲಿ ಇವಾಸಾಕಿ ಎಂಬವರು ಮರಳಿನ ಶೋಧಕಗಳಿಗೆ ಹೇಳಿದ್ದಾರೆ ಎಂದು ಓದಿದೆ. ಅದರಂತೆ 10 ಸೆಂಟಿಮೀಟರಿಗೆ ಐದರಲ್ಲೊಂದು ದಾಟಿದರೆ, 20 ಸೆಂಟಿಮೀಟರಿಗೆ ಇಪ್ಪತ್ತೈದರಲ್ಲೊಂದು. ಹೀಗೆ 1 ಮೀಟರ್ ತಲುಪುವಷ್ಟರಲ್ಲಿ ಸುಮಾರು 98 ಲಕ್ಷಕ್ಕೆ ಒಂದು ಕಣ ಮಾತ್ರ ಉಳಿಯುತ್ತದೆ. ಕೆಲವು ಮೀಟರ್ ಕಲ್ಲು ಇದ್ದರೆ ಏನೂ ದಾಟುವುದಿಲ್ಲ ಎಂದಾಯಿತಲ್ಲವೇ? ಹಾಗಿದ್ದರೆ ಅಂತರ್ಜಲದಲ್ಲಿ ಇಂತಹ ಕಣಗಳ ಬಗ್ಗೆ ಅಷ್ಟೊಂದು ಆತಂಕ ಏಕೆ?

ಅಂತರ್ಜಲ

ನಿಮ್ಮ ಲೆಕ್ಕ ಗಣಿತವಾಗಿ ಸರಿಯಾಗಿದೆ. ಇಷ್ಟು ಸರಿಯಾದ ಲೆಕ್ಕವನ್ನು ನಿಜವಾದ ನೆಲ ಏಕೆ ಪಾಲಿಸುವುದಿಲ್ಲ ಎಂಬುದೇ ಈ ಕ್ಷೇತ್ರದಲ್ಲಿ ನನ್ನನ್ನು ಹಿಡಿದಿಟ್ಟಿರುವ ಪ್ರಶ್ನೆ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಅಮೆರಿಕದ ನೆವಾಡಾ ಪರೀಕ್ಷಾ ವಲಯದಲ್ಲಿ 1968ರಲ್ಲಿ ಬೆನ್‌ಹ್ಯಾಮ್ ಎಂಬ ಹೆಸರಿನ ಪರಮಾಣು ಸ್ಫೋಟವನ್ನು ನೆಲದಡಿಯಲ್ಲಿ ನಡೆಸಿದರು. ಪ್ಲುಟೋನಿಯಂ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಕಲ್ಲಿಗೆ ಬಲವಾಗಿ ಅಂಟುತ್ತದೆ, ಆದ್ದರಿಂದ ಅದು ಹುಟ್ಟಿದ ಜಾಗದಲ್ಲೇ ಉಳಿಯುತ್ತದೆ ಎಂಬುದು ಆಗಿನ ತಿಳಿವಳಿಕೆ. 1999ರಲ್ಲಿ ಕರ್ಸ್ಟಿಂಗ್ ಮತ್ತು ಸಂಗಡಿಗರು ಅಲ್ಲಿಂದ 1.3 ಕಿಲೋಮೀಟರ್ ದೂರದ ಬಾವಿಯ ನೀರಿನಲ್ಲಿ ಪ್ಲುಟೋನಿಯಂ ಇರುವುದನ್ನು ವರದಿ ಮಾಡಿದರು. ಪ್ಲುಟೋನಿಯಂ 240 ಮತ್ತು 239 ಎಂಬ ಐಸೋಟೋಪುಗಳ (ತೂಕದಲ್ಲಿ ಬೇರೆಯಾದ ಎರಡು ರೂಪಗಳ) ಅನುಪಾತ ಬೆನ್‌ಹ್ಯಾಮ್ ಸ್ಫೋಟದ್ದಕ್ಕೇ ಹೊಂದುತ್ತಿತ್ತು. ನೀರನ್ನು ಸೋಸಿ ನೋಡಿದಾಗ ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಜೇಡಿ ಮತ್ತು ಜಿಯೋಲೈಟ್‌ನಂತಹ ಖನಿಜಗಳ ಸೂಕ್ಷ್ಮ ಕಣಗಳಿಗೆ ಅಂಟಿಕೊಂಡಿತ್ತು. 2006ರಲ್ಲಿ ರಷ್ಯಾದ ಮಾಯಾಕ್ ಪರಮಾಣು ಸ್ಥಾವರದ ಸುತ್ತಲಿನ ಅಂತರ್ಜಲದಲ್ಲೂ ಇಂಥದ್ದೇ ಸಂಗತಿ ವರದಿಯಾಯಿತು. ಅಲ್ಲಿ ಕಬ್ಬಿಣದ ಆಕ್ಸೈಡಿನ ಕಣಗಳು ಪ್ಲುಟೋನಿಯಂ ಹೊತ್ತು ಕೆಲವು ಕಿಲೋಮೀಟರ್ ಸಾಗಿದ್ದವು. 98 ಲಕ್ಷಕ್ಕೆ ಒಂದು ಎಂಬ ಲೆಕ್ಕವನ್ನು ಒಂದು ಕಿಲೋಮೀಟರಿಗೆ ಎಳೆದರೆ ಉತ್ತರ ಸೊನ್ನೆಯೇ. ಆದರೂ ಅವು ಬಂದಿವೆ.

ಇದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ, ಒಂದು ಹಿಡಿ ಕಣಗಳನ್ನು ನಾವು ಒಂದೇ ಬಗೆಯವೆಂದು ಎಣಿಸುವುದು. ಒಂದೇ ಸೀಸೆಯ ಕಣಗಳಲ್ಲೂ ಆವೇಶ ತುಸು ಹೆಚ್ಚು, ತುಸು ಕಡಿಮೆ ಇರುತ್ತದೆ. ಬೇಗ ಅಂಟುವವು ಮೊದಲ ಕೆಲವು ಸೆಂಟಿಮೀಟರಿನಲ್ಲೇ ಅಂಟಿ ಮುಗಿಯುತ್ತವೆ, ಮುಂದಕ್ಕೆ ಹೋಗುವವು ಅಂಟದ ಜಾತಿಯವು. ಹೀಗೆ ಕಲ್ಲೇ ಕಣಗಳನ್ನು ಆಯ್ದು, ಅತ್ಯಂತ ಚುರುಕಾದವನ್ನು ಮುಂದೆ ಕಳಿಸುತ್ತದೆ. ಕೋರನ್ನು ಹೋಳು ಮಾಡಿ ಎಣಿಸಿದರೆ ಪ್ರವೇಶದ ಬಳಿ ಲೆಕ್ಕಕ್ಕಿಂತ ಹೆಚ್ಚು ಕಣಗಳು, ದೂರದಲ್ಲಿ ಕಡಿದಾದ ಇಳಿಜಾರಿನ ಬದಲು ಉದ್ದನೆಯ ಬಾಲ ಕಾಣುವುದು ಸಾಮಾನ್ಯ. ಆ ಬಾಲವೇ ದೂರದ ಬಾವಿಯನ್ನು ಮುಟ್ಟುವಂಥದ್ದು.

ಇನ್ನೊಂದು ಕಾರಣ ಬಿರುಕುಗಳು. ಗಟ್ಟಿಕಲ್ಲಿನಲ್ಲಿ ನೀರು ಹರಿಯುವುದು ಹೆಚ್ಚಾಗಿ ಸೀಳುಗಳಲ್ಲಿ. ಕರಗಿದ ಉಪ್ಪು ಸೀಳಿನ ಗೋಡೆಯೊಳಗಿನ ಸೂಕ್ಷ್ಮ ರಂಧ್ರಗಳಿಗೆ ವಿಸರಣೆಯಿಂದ ಇಂಗುತ್ತಾ, ಮತ್ತೆ ಹೊರಬರುತ್ತಾ ತಡವಾಗುತ್ತದೆ. ಕಣಕ್ಕೆ ಆ ರಂಧ್ರಗಳಲ್ಲಿ ಹಿಡಿಸುವುದಿಲ್ಲ, ಅದರ ವಿಸರಣೆಯೂ ನಿಧಾನ, ಹಾಗಾಗಿ ಅದು ಸೀಳಿನ ನಡುದಾರಿಯಲ್ಲೇ ಉಳಿಯುತ್ತದೆ. ಕಣದ ಕೇಂದ್ರ ಗೋಡೆಗೆ ತನ್ನ ತ್ರಿಜ್ಯಕ್ಕಿಂತ ಹತ್ತಿರ ಬರಲಾರದು, ಗೋಡೆಯ ಬಳಿ ನೀರು ನಿಧಾನ, ನಡುವೆ ವೇಗ. ಆದ್ದರಿಂದ ಅಂಟದ ಕಣ ತನ್ನನ್ನು ಹೊತ್ತ ನೀರಿನ ಸರಾಸರಿ ವೇಗಕ್ಕಿಂತ ತುಸು ಬೇಗನೆ ಸಾಗುತ್ತದೆ. ಕಣಗಳು ಕರಗಿದ ಗುರುತುದ್ರವ್ಯಕ್ಕಿಂತ ಮುಂಚೆ ಹೊರಬಂದ ಪ್ರಯೋಗಗಳು ಹಲವಾರಿವೆ. 2000ದ ಮೇ ತಿಂಗಳಲ್ಲಿ ಕೆನಡಾದ ವಾಕರ್ಟನ್ ಊರಿನಲ್ಲಿ ಏಳು ಜನ ಸತ್ತು, 2,000ಕ್ಕೂ ಹೆಚ್ಚು ಜನ ಕಾಯಿಲೆಬಿದ್ದ ದುರಂತದಲ್ಲಿ, ಜೋರುಮಳೆಯ ನಂತರ ಬ್ಯಾಕ್ಟೀರಿಯಾ ಹೊಕ್ಕದ್ದು ಬಿರುಕುಬಿಟ್ಟ ಕಲ್ಲಿನಿಂದ ನೀರೆತ್ತುವ ಆಳವಿಲ್ಲದ ಬಾವಿಗೆ. ಅಲ್ಲಿ ಕಲ್ಲು ಸೋಸುತ್ತದೆ ಎಂಬ ನಂಬಿಕೆಗೆ ಆಧಾರವೇ ಇರಲಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಶಿಲಾವಿದ್ಯಾರ್ಥಿಯವರ ಸೀಸೆಯ ಮಬ್ಬು. ಉಪ್ಪುನೀರು ಹರಿಯುತ್ತಿದ್ದಷ್ಟು ಕಾಲ ಆ ಕೋರಿನಿಂದ ಏನೂ ಬರಲಿಲ್ಲ. ಅಲ್ಲಿಗೇ ಪ್ರಯೋಗ ನಿಲ್ಲಿಸಿದ್ದರೆ ಈ ಕಲ್ಲು ಒಳ್ಳೆಯ ತಡೆ ಎಂದು ಬರೆದುಬಿಡುತ್ತಿದ್ದರು. ನೀರು ಬದಲಾದಾಗ ಅದೇ ಕಲ್ಲು ಹಿಡಿದಿಟ್ಟದ್ದನ್ನು ಬಿಟ್ಟದ್ದಲ್ಲದೆ ತನ್ನದೇ ಜೇಡಿಯನ್ನೂ ಹೊಸ ವಾಹಕವಾಗಿ ಕೊಟ್ಟಿತು. ಉಪ್ಪಿಲ್ಲದ ಮಳೆನೀರು ಮಣ್ಣಿಗೆ ಅಂಟಿದ್ದ ವೈರಸ್‌ಗಳನ್ನು ಬಿಡಿಸಿ ಕೆಳಗೆ ಒಯ್ಯಬಲ್ಲದು ಎಂದು 1970ರ ದಶಕದ ಪ್ರಯೋಗಗಳೇ ತೋರಿಸಿದ್ದವು. ಪರಮಾಣು ತ್ಯಾಜ್ಯವನ್ನು ಆಳದ ಕಲ್ಲಿನಲ್ಲಿ ಹೂಳುವ ಯೋಜನೆಗಳಲ್ಲಿ ಡಬ್ಬಿಗಳ ಸುತ್ತ ಬೆಂಟೊನೈಟ್ ಜೇಡಿಯನ್ನು ತುಂಬುತ್ತಾರೆ. ಮುಂದಿನ ಹಿಮಯುಗದ ಕೊನೆಯಲ್ಲಿ ಉಪ್ಪಿಲ್ಲದ ಹಿಮಗರಗಿದ ನೀರು ಬಿರುಕುಗಳ ಮೂಲಕ ಅಷ್ಟು ಆಳಕ್ಕೆ ಇಳಿದರೆ ಆ ಜೇಡಿ ಕಣಕಣವಾಗಿ ಕಳಚಿಹೋಗಬಹುದೇ ಎಂಬುದು ಸ್ವೀಡನ್ ಮತ್ತು ಫಿನ್‌ಲೆಂಡ್ ದೇಶಗಳ ಸುರಕ್ಷತಾ ಅಧ್ಯಯನಗಳ ಒಂದು ಗಂಭೀರ ಪ್ರಶ್ನೆ. ಸ್ವಿಟ್ಜರ್ಲೆಂಡಿನ ಗ್ರಿಮ್ಸೆಲ್ ಸುರಂಗ ಪ್ರಯೋಗಾಲಯದಲ್ಲಿ ಬಿರುಕಿನ ವಲಯದೊಳಕ್ಕೆ ಬೆಂಟೊನೈಟ್ ಕಣಗಳನ್ನು ಬಿಟ್ಟು ಅವು ಸಾಗುವುದನ್ನು ಅಳೆಯುತ್ತಿರುವುದು ಈ ಕಾರಣಕ್ಕೇ.

ಮೇಲ್ಮೈರಸಾಯನ

ಅಂತರ್ಜಲದವರ ಬರಹವನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ನೆವಾಡಾದಲ್ಲಿ ಸಿಕ್ಕಿದ್ದು ಅತ್ಯಂತ ಅಲ್ಪ ಪ್ರಮಾಣ, ಒಟ್ಟು ಪ್ಲುಟೋನಿಯಮ್ಮಿನ ಬಹುಪಾಲು ಸ್ಫೋಟದ ಜಾಗದಲ್ಲೇ ಇದೆ. ಐಸೋಟೋಪುಗಳ ಅನುಪಾತ ಅದು ಎಲ್ಲಿಂದ ಬಂತು ಎಂಬುದನ್ನು ಹೇಳುತ್ತದೆ, ಹೇಗೆ ಬಂತು ಎಂಬುದನ್ನು ಹೇಳುವುದಿಲ್ಲ. ಸ್ಫೋಟದ ಕ್ಷಣದ ಒತ್ತಡವೇ ಅದನ್ನು ಬಿರುಕುಗಳಲ್ಲಿ ಸ್ವಲ್ಪ ದೂರ ತಳ್ಳಿರಬಹುದೇ ಎಂಬುದನ್ನೂ ತೂಗಿ ನೋಡಬೇಕು. ಮತ್ತು ಕಣಕ್ಕೆ ಅಂಟಿದ ಲೋಹ ಕೊನೆಯವರೆಗೂ ಅಂಟಿಕೊಂಡೇ ಇರುತ್ತದೆ ಎಂದೇನಿಲ್ಲ. ದಾರಿಯಲ್ಲಿ ಅದು ಕಣದಿಂದ ಬಿಡಿಸಿಕೊಂಡು ಕಲ್ಲಿನ ಗೋಡೆಗೆ ಸೇರಬಹುದು. ಪಯಣ ನಿಧಾನವಾದಷ್ಟೂ ಆ ಸಾಧ್ಯತೆ ಹೆಚ್ಚು, ಆದ್ದರಿಂದ ವೇಗದ ಪ್ರಯೋಗವೊಂದರ ಫಲಿತಾಂಶವನ್ನು ಸಾವಿರಾರು ವರ್ಷಗಳಿಗೆ ಹಾಗೇ ಹಿಗ್ಗಿಸಲಾಗದು.

ಅಂತರ್ಜಲ

ಒಪ್ಪಿದೆ. ಬಿಡಿಸಿಕೊಳ್ಳುವ ವೇಗವನ್ನು ಅಳೆಯದ ಪ್ರಯೋಗ ಅರ್ಧ ಪ್ರಯೋಗವೇ.

ಶಿಲಾವಿದ್ಯಾರ್ಥಿ

ಮುಂದಿನ ಹಂತಕ್ಕೆ ನನ್ನ ಯೋಜನೆ ಹೀಗಿದೆ. ಕಾಯಿಸದ ಕೋರಿನಲ್ಲೇ ಉಪ್ಪನ್ನು ಒಂದೇ ಸಲ ಇಳಿಸದೆ 0.1, 0.08, 0.06, 0.04 ಹೀಗೆ ಹಂತಹಂತವಾಗಿ ಇಳಿಸಿ, ಪ್ರತಿ ಹಂತದಲ್ಲೂ ಹೊಳೆಯುವ ಕಣಗಳನ್ನು ಮತ್ತು ಜೇಡಿಯನ್ನು ಬೇರೆ ಬೇರೆಯಾಗಿ ಎಣಿಸುವುದು. ಕೊನೆಗೆ ಕೋರನ್ನು ಹೋಳು ಮಾಡಿ, ಪ್ರವೇಶದಿಂದ ದೂರ ಹೋದಂತೆ ಉಳಿದ ಕಣಗಳ ಹಂಚಿಕೆ ನೋಡುವುದು. ಇದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ತೈಲಬಾವಿ

ಯೋಜನೆ ಚೆನ್ನಾಗಿದೆ. ಉಪ್ಪನ್ನು ನಿಧಾನವಾಗಿ ಇಳಿಸಿದರೆ ಜೇಡಿ ಒಟ್ಟಿಗೆ ಕಳಚದೆ ಸ್ವಲ್ಪಸ್ವಲ್ಪವಾಗಿ ಹೊರಟು ಕತ್ತುಗಳನ್ನು ದಾಟಿಹೋಗುತ್ತದೆ, ಪಾರಗಮ್ಯತೆ ಅಷ್ಟಾಗಿ ಕುಸಿಯುವುದಿಲ್ಲ. ತೈಲಬಾವಿಗಳಿಗೆ ನೀರು ತುಂಬುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳುತ್ತೇವೆ. ಆದ್ದರಿಂದ ಹೋಲಿಕೆಗಾಗಿ ಥಟ್ಟನೆ ಇಳಿಸಿದ ಕೋರಿನ ದತ್ತಾಂಶವನ್ನೂ ಜೊತೆಗಿಡಿ. ಪ್ರತಿ ಹಂತದಲ್ಲಿ ಕನಿಷ್ಠ ನಾಲ್ಕೈದು ರಂಧ್ರಗಾತ್ರದಷ್ಟು (ಕೋರಿನ ರಂಧ್ರಗಳೆಲ್ಲ ಒಮ್ಮೆ ತುಂಬಲು ಬೇಕಾದಷ್ಟರ ನಾಲ್ಕೈದು ಪಟ್ಟು) ನೀರು ಹಾಯಲಿ. ನಿಮ್ಮ ಕೋರಿಗೆ ಒಂದು ರಂಧ್ರಗಾತ್ರ ಎಂದರೆ ಸುಮಾರು 23 ಮಿಲಿಲೀಟರ್ ಆಗುತ್ತದೆ. ಹೊರಬರುವ ನೀರಿನ ಪಿಎಚ್ ಅನ್ನೂ ಬರೆದಿಡಿ. ಸಿಹಿನೀರು ಬಂದಾಗ ಜೇಡಿಯ ಮೇಲಿದ್ದ ಸೋಡಿಯಂ ಜಾಗಕ್ಕೆ ಹೈಡ್ರೋಜನ್ ಅಯಾನು ಸೇರಿ ಪಿಎಚ್ ಏರುವುದುಂಟು, ಅದು ತಾನೇ ಇನ್ನಷ್ಟು ಜೇಡಿಯನ್ನು ಕಳಚುತ್ತದೆ. ಹಾಗಾದಾಗ ಉಪ್ಪಿನ ಪರಿಣಾಮ ಯಾವುದು, ಪಿಎಚ್ ಪರಿಣಾಮ ಯಾವುದು ಎಂದು ಆಮೇಲೆ ಬೇರ್ಪಡಿಸಲು ಆಗುವುದಿಲ್ಲ.

ಮಣ್ಣುಯಂತ್ರಜ್ಞ

ಒಂದು ಸಣ್ಣ ಮಾತು. ಹೋಳುಗಳು ಪ್ರವೇಶದ ಬಳಿ ಅರ್ಧ ಸೆಂಟಿಮೀಟರಿನಷ್ಟು ತೆಳುವಾಗಿರಲಿ, ಏಕೆಂದರೆ ಹಂಚಿಕೆ ಕಡಿದಾಗಿ ಬದಲಾಗುವುದು ಅಲ್ಲೇ. ನಂತರ 2 ಸೆಂಟಿಮೀಟರ್ ಇದ್ದರೆ ಸಾಕು. ಕತ್ತರಿಸುವಾಗ ನೀರು ಬಳಸುವ ಗರಗಸವಾದರೆ ಅದಕ್ಕೂ ಕೊನೆಯ ಹಂತದ ಅದೇ ಉಪ್ಪಿನ ಸಾಂದ್ರತೆಯ ನೀರನ್ನೇ ಬಿಡಿ. ಕೋರನ್ನು ಹೊರತೆಗೆಯುವ ಮೊದಲು ಹರಿವಿನ ದಿಕ್ಕನ್ನು ಅದರ ಮೈಮೇಲೆ ಬಾಣದಿಂದ ಗುರುತು ಮಾಡಿಕೊಳ್ಳಿ.